ಸೂರ್ಯಕಾಂತಿ ಕಾಂಡದ ಒಳಗುಟ್ಟು

ಅತ್ತೆಯವರ ಶುಚಿತ್ವವೇ ಆ ದಿನದ ರಾದ್ಧಾಂತಕ್ಕೆಲ್ಲ ಮೂಲ. ಸಸ್ಯಶಾಸ್ತ್ರದ ಮೇಷ್ಟ್ರು ಸೂರ್ಯಕಾಂತಿ ಕಾಂಡವೊಂದನ್ನು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ನಿಲ್ಲಿಸಿ ಮಲಗಿದ್ದರು. ಬೆಳಗಾಗುವಷ್ಟರಲ್ಲಿ ಕೆಂಪು ಬಣ್ಣ ಕಾಂಡದ ನಾಳಗಳನ್ನು ಏರಿರಬೇಕಿತ್ತು.

"ಗಲೀಜು ನೀರು ಅಂತ ಆಗಲೇ ಚೆಲ್ಲಿ ಒಳ್ಳೇ ನೀರು ಹಾಕಿದೆ ಅಳಿಯಂದ್ರೇ. ಪಾಪ, ಹೂವು ಬಾಡ್ತಿತ್ತು," ಎಂದರು ಅತ್ತೆ.

ಹೆಣ್ಣು ಕೊಟ್ಟ ಅತ್ತೆಗೆ ಏನೆನ್ನುವುದು? ಮೇಷ್ಟ್ರು ಹಲ್ಲು ಕಚ್ಚಿಕೊಂಡು, ಕಾಂಡವನ್ನೂ ಶಾಯಿ ಬಾಟಲಿಯನ್ನೂ ಚೀಲಕ್ಕೆ ತುರುಕಿ ಶಾಲೆಗೆ ಓಡಿದರು. ಪ್ರಯೋಗಾಲಯದ ಕೋಣೆ ಚೆಂಡು-ಬ್ಯಾಟು ಇಡಲು ಬೇಕೆಂದು ಆಟದ ಮೇಷ್ಟ್ರು ದುಂಬಾಲು ಬಿದ್ದಿದ್ದರು. ಕೋಣೆ ಯಾರಿಗೆ ಎಂದು ಇವತ್ತು ತನಿಖಾಧಿಕಾರಿ ಬಂದು, ಪ್ರಯೋಗ ನೋಡಿ ತೀರ್ಮಾನಿಸಲಿದ್ದರು.

ಶಾಲೆಯಲ್ಲಿ ನೋಡಿದರೆ ಆ ಕೋಣೆಗೇ ಬೀಗ.

"ಕೀ ಎಲ್ಲೋ ಬಿದ್ದುಹೋಯ್ತು ಸಾರ್," ಎಂದರು ಆಟದ ಮೇಷ್ಟ್ರು, ಹಾಲುಗಲ್ಲದ ಮಗುವಿನ ಮುಖ ಮಾಡಿಕೊಂಡು.

ಪುಣ್ಯಕ್ಕೆ ಮೈಕ್ರೋಸ್ಕೋಪು ಹೊರಗಿತ್ತು. ಭೌತಶಾಸ್ತ್ರದ ಮೇಷ್ಟ್ರ ಮೇಜಿನ ಮೇಲೆ, ಬಿಡಿಬಿಡಿಯಾಗಿ.

"ನಿಮಗೆ ಸಹಾಯ ಆಗ್ಲಿ ಅಂತ ಬಿಚ್ಚಿ ಒರೆಸಿದೆ ಸಾರ್. ಹೇಗೆ ಫಳಫಳ ಅಂತಿದೆ ನೋಡಿ! ವಾಪಸ್ ಜೋಡಿಸೋದೊಂದು ತಿಳೀತಿಲ್ಲ."

"ನಿಮ್ಮ ಸಹಾಯಕ್ಕಿಷ್ಟು!" ಎಂದು ಮೇಷ್ಟ್ರು ಹಣೆ ಚಚ್ಚಿಕೊಂಡರು. ವರಾಂಡದ ಬಿಸಿಲಿನಲ್ಲಿ ಕಾಂಡವನ್ನು ಮತ್ತೆ ಶಾಯಿನೀರಿಗೆ ಹಾಕಿ ಕಾದು ಕೂತರು. ಮಧ್ಯಾಹ್ನದ ಹೊತ್ತಿಗೆ ಎಲೆಯ ನರಗಳು ಕೆಂಪಾದವು. ಗಡ್ಡದ ಬ್ಲೇಡಿನಿಂದ ಕತ್ತರಿಸಿದ ಮೊದಲ ಬಿಲ್ಲೆ ಕೋಟಿನ ಗುಂಡಿಯಷ್ಟು ದಪ್ಪ. ಎರಡನೆಯದರಲ್ಲಿ ಕೆಂಪು ಧಾರಾಳವಾಗಿ ಬಂತು, ಆದರೆ ಹೆಬ್ಬೆರಳಿನಿಂದ. ಕರವಸ್ತ್ರ ಸುತ್ತಿಕೊಂಡು ಉಸಿರು ಬಿಗಿಹಿಡಿದು ಕೊಯ್ದಾಗ, ಈರುಳ್ಳಿ ಪೊರೆಯಂಥ ಬಿಲ್ಲೆಯೊಂದು ಗಾಜಿನ ಮೇಲೆ ಬಿತ್ತು. ಗುಮಾಸ್ತರ ಭೂತಗನ್ನಡಿ ಹಿಡಿದು ನೋಡಿದರು. ಎಷ್ಟು ಸಲ ನೋಡಿದರೂ ಅವರಿಗೆ ಅದೇ ಸಂತೋಷ.

ಅಷ್ಟರಲ್ಲಿ ತನಿಖಾಧಿಕಾರಿ ಬಂದು ಬಗ್ಗಿದರು.

"ಅಬ್ಬಾ! ಕೆಂಪು ಚುಕ್ಕೆಗಳು ಉಂಗುರದ ಥರ ಸುತ್ತ ಕೂತಿವೆಯಲ್ರೀ!"

"ಅವೇ ನೀರು ಏರೋ ನಾಳಗಳು ಸಾರ್. ಸುತ್ತ ಸಿಪ್ಪೆ, ನಡುವೆ ತಿರುಳು."

"ನಾವು ಓದೋವಾಗ ಬರೀ ಚಿತ್ರ ಬರೆದಿದ್ದು. ಕಣ್ಣಾರೆ ನೋಡಿದ್ದು ಇವತ್ತೇ. ಅದೂ ಮೈಕ್ರೋಸ್ಕೋಪಿಲ್ಲದೆ, ಒಂದು ಬ್ಲೇಡಿನಲ್ಲಿ, ವರಾಂಡದಲ್ಲಿ ಕೂತು! ಭೇಷ್ ಮೇಷ್ಟ್ರೇ!"

ಮೇಷ್ಟ್ರ ಎದೆ ಉಬ್ಬಿತು. ಆಟದ ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು.

ಅಧಿಕಾರಿ ಅವರತ್ತ ತಿರುಗಿದರು. "ಇಂಥವರಿಗೆ ಕೋಣೆ ಯಾಕ್ರೀ ಬೇಕು? ನಿಮ್ಮ ಚೆಂಡುಗಳನ್ನ ಇವತ್ತೇ ಒಳಗೆ ಸಾಗಿಸಿ."

ಆಮೇಲೆ ಪ್ರೀತಿಯಿಂದ ಸಸ್ಯಶಾಸ್ತ್ರದ ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು.

"ಉಳಿದ ಶಾಲೆಯವರೂ ಪ್ರಯೋಗಾಲಯ ಬೇಕು ಅಂತ ನನ್ನ ಪ್ರಾಣ ತಿಂತಿದ್ದಾರೆ. ನೀವೇ ಹೋಗಿ ಇದನ್ನ ಒಂದೊಂದು ಸಲ ತೋರಿಸಿ ಬಂದ್ಬಿಡಿ ಮೇಷ್ಟ್ರೇ."