ಮಡಿ ಕಲಿತ ಸಿ.ಡಿ. ಡ್ರೈವು

ಮುಳಬಾಗಿಲಿನಲ್ಲಿ ಮಡಿವಂತ ಪುರೋಹಿತರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಕಂಪ್ಯೂಟರಿಗೂ ಮಡಿ ಕಲಿಸಿದವರು ನಮ್ಮ ಸೋದರಮಾವ ಒಬ್ಬರೇ! ಮಾಲೂರಿನ ಅಳಿಯ ಹೊಸದು ಕೊಂಡಾಗ ತನ್ನ ಹಳೆಯ ಕಂಪ್ಯೂಟರನ್ನು ಇವರಿಗೆ ಕೊಟ್ಟಿದ್ದ. ಅದಿದ್ದ ಕೋಣೆಗೆ ಕೈ ಒರೆಸಿಕೊಂಡೇ ಹೋಗಬೇಕು. ಕಾಫಿ ಲೋಟ ಹೊರಗೆ, ನೀರಿನ ಚೊಂಬು ಹೊರಗೆ. ಅತ್ತೆ ತಲೆಗೆ ಸ್ನಾನ ಮಾಡಿದ ದಿನ ಕೂದಲು ಒಣಗುವವರೆಗೂ ಹೊಸ್ತಿಲಾಚೆ!

"ಒಂದು ತೊಟ್ಟು ಬಿದ್ರೂ ಎಲ್ಲಾ ಸುಟ್ಟೋಗತ್ತೆ ಕಣೇ!"

ಇಷ್ಟೆಲ್ಲ ಯಾಕೆ ಅಂತೀರಾ? ಒಂದೇ ಒಂದು ಸಿ.ಡಿ.ಗಾಗಿ. ಮಗಳ ಮದುವೆಯ ಬೆಳಿಗ್ಗೆ ಅತ್ತೆ ಛತ್ರದ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. "ಮುಹೂರ್ತ ನಿಲ್ಲಬಾರ್ದು, ಇವಳೊಬ್ಬಳೇ ಹೋಗ್ಬಾರ್ದು" ಎಂದ ಮಾವ ಅವರ ಜೊತೆ ಕೋಲಾರದ ಆಸ್ಪತ್ರೆಗೆ ಹೋದರು. ಧಾರೆ ಎರೆದದ್ದು ದೊಡ್ಡಮಾವ, ದೊಡ್ಡತ್ತೆ. ಊರಿನ ಹೆಣ್ಣುಮಕ್ಕಳಿಗೆಲ್ಲ ಧಾರೆ ಮಾಡಿಸಿದ ಮನುಷ್ಯ ಸ್ವಂತ ಮಗಳದ್ದನ್ನು ಕಣ್ಣಾರೆ ಕಾಣಲಿಲ್ಲ. ಅದಿದ್ದದ್ದು ಆ ಸಿ.ಡಿ.ಯಲ್ಲಿ. ಅದೋ, ಗೀರು ಬಿದ್ದು, ಸರಿಯಾಗಿ ಅಂತರಪಟ ಹಿಡಿಯುವ ಹೊತ್ತಿಗೆ ನಿಂತುಬಿಡುತ್ತಿತ್ತು!

ಮಾವ ಸೆಟ್ಟಿಂಗಿಗೆ ಕೈ ಹಾಕಿದರು. ಸಿ.ಡಿ. ಹಾಕಿದ ಕೂಡಲೇ ತಾನಾಗಿ ಓಡುವ ಏರ್ಪಾಡನ್ನು ಮೊದಲು ತೆಗೆದರು. "ಸಂಕಲ್ಪ ಇಲ್ದೆ ಶುರು ಮಾಡತ್ತಲ್ಲ, ಅಯೋಗ್ಯ!" ಆಮೇಲೆ ರಾಹುಕಾಲ ಕಳೆದ ಮೇಲೇ ಟ್ರೇ ತೆಗೆಯುವುದೆಂದಾಯಿತು. ಡ್ರೈವು ಯಾವುದಕ್ಕೂ ಬಗ್ಗಲಿಲ್ಲ. ಸಿಟ್ಟು ಬಂದರೆ ಮಾವನಿಗೆ ತೆಲುಗೇ ಬರುವುದು. "ಏಮಿರಾ, ನೀಕೇಮಿ ರೋಗಂ?" ಎಂದು ಅದರ ರೋಗ ವಿಚಾರಿಸುತ್ತಾ ಗುಂಡಿ ಒತ್ತಿದರು. ಟ್ರೇ ಆಚೆ ಬಂತು.

"ನೋಡ್ರೀ, ನಿಮಗೇ ನಾಲಿಗೆ ತೋರಿಸ್ತಾ ಇದೆ!" ಎಂದು ಅತ್ತೆ ನಕ್ಕು ನಕ್ಕು ಸುಸ್ತಾದರು.

ಕೊನೆಗೆ ಸಿ.ಡಿ. ಅಂಗಡಿಯ ಭಾಯಿಯನ್ನು ಕರೆಸಿದ್ದಾಯಿತು. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು, "ಬಿಸಾಕ್ಬಿಡಿ ಸ್ವಾಮೀ, ಗೀರು ಬಿದ್ದೈತೆ" ಎಂದರು.

ಮಾವ ಡ್ರೈವಿನ ಮೇಲೆ ಅಚ್ಚಾಗಿದ್ದ ಐವತ್ತೆರಡನ್ನು ತೋರಿಸಿದರು. "ಇದೇನು ಭಾಯಿ?"

"ಸ್ಪೀಡು ಸ್ವಾಮೀ. ಐವತ್ತೆರಡು ಪಟ್ಟು ಜೋರಾಗಿ ತಿರುಗ್ತದೆ."

"ಅಯ್ಯಯ್ಯೋ! ನವಗ್ರಹಕ್ಕೆ ಒಂಬತ್ತು ಸುತ್ತು ಹಾಕಿದ್ರೇ ನಂಗೆ ತಲೆ ತಿರುಗತ್ತೆ! ಗಾಯ ಆದದ್ದನ್ನ ಓಡಿಸ್ತಾರೇನ್ರೀ? ಮೆಲ್ಲಗೆ ನಡೆಸಿ! ಇವಳನ್ನ ನಾನು ನಡೆಸಿದ್ದೂ ಹಾಗೇ!"

ಭಾಯಿಗೆ ನಗು ತಡೆಯಲಾಗಲಿಲ್ಲ. ಆದರೂ ಏನೋ ಒಂದು ಪುಟ್ಟ ಸಾಫ್ಟ್‌ವೇರ್ ಹಾಕಿ, ವೇಗವನ್ನು ಐವತ್ತೆರಡರಿಂದ ನಾಲ್ಕಕ್ಕೆ ಇಳಿಸಿದರು.

ಸಿ.ಡಿ. ಗೊರಗೊರ ಎಂದಿತು. ಅಂತರಪಟ ಬಂತು. ಚಿತ್ರ ಒಮ್ಮೆ ತಡವರಿಸಿತು, ಮುಂದೆ ಹೋಯಿತು! ಪಟ ಸರಿದು, ಮಗಳು ನಗುತ್ತಾ ಜೀರಿಗೆ ಬೆಲ್ಲ ಎರಚಿದಳು. ದೊಡ್ಡತ್ತೆ ಧಾರೆಗೆ ಗಿಂಡಿ ಎತ್ತಿಕೊಂಡರು.

ಅತ್ತೆ ಎದ್ದು ಕುಂಟುತ್ತಾ ಹೊರಗೆ ಹೋದರು. ಅಳುವುದಕ್ಕೆ ಹೋದರೇನೋ ಎಂದುಕೊಂಡೆ. ನೋಡಿದರೆ ದೇವರಮನೆಯ ಗಿಂಡಿ ಹಿಡಿದು ಬರುತ್ತಿದ್ದಾರೆ, ತುಂಬ ನೀರು! ಆ ಕೋಣೆಗೆ! ಮುಗಿಯಿತು, ಇನ್ನು ತೆಲುಗಿನಲ್ಲೇ ಪೂಜೆ ಎಂದು ನಾನು ಕಣ್ಣು ಮುಚ್ಚಿದೆ.

ಬೈಗುಳ ಬರಲಿಲ್ಲ. ಕಣ್ಣು ಬಿಟ್ಟರೆ ಮಾವ ಕಂಪ್ಯೂಟರಿನ ಮುಂದೆಯೇ ಬೊಗಸೆಯೊಡ್ಡಿ ನಿಂತಿದ್ದರು. ಊರಿಗೆಲ್ಲ ಮಂತ್ರ ಹೇಳಿದವರು ತಮ್ಮ ಸರದಿಗೆ ಹೇಳಿದ್ದು ಒಂದೇ ಮಾತು.

"ಎರೆಯೇ" ಎಂದರು ಅಷ್ಟೇ.

ಅತ್ತೆ ಎರೆದರು. ಬೊಗಸೆ ತುಂಬಿ, ನೀರು ಕೀಬೋರ್ಡಿನ ಮೇಲೆ ಸುರಿಯುತ್ತಲೇ ಇತ್ತು. ಮಾವ ಕೈ ತೆಗೆಯಲಿಲ್ಲ.