ಯಾವ ಮನೆ ಎಂದು ಮೂರ್‌ಗಳನ್ನು ಯಾರೂ ಕೇಳಲಿಲ್ಲ

ಸಿಟ್ಟನ್ನು ಅಳತೆಗೆ ತಕ್ಕಂತೆ ಕತ್ತರಿಸುವುದು ನನ್ನ ಕಸುಬಾಗಿತ್ತು. ಮಡಿಕೇರಿಯ ಪತ್ರಿಕಾ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಉಪಸಂಪಾದಕನಾಗಿದ್ದೆ. ರಸ್ತೆಯ ಗುಂಡಿಯ ಬಗ್ಗೆ ಓದುಗರು ಕಳಿಸುತ್ತಿದ್ದ ನಾಲ್ಕು ಪುಟದ ಶಾಪವನ್ನು ಆರು ಸಾಲಿಗೆ ಇಳಿಸಿ, ಮೇಲೊಂದು ‘ಸಂಬಂಧಪಟ್ಟವರು ಗಮನಿಸುವರೇ?’ ಎಂಬ ತಲೆಬರಹ ಕೂರಿಸಿ, ಮುಂದಿನ ಕಾಗದಕ್ಕೆ ಕೈ ಹಾಕುತ್ತಿದ್ದೆ. ಹೀಗೆ ಊರಿನವರ ಸಿಟ್ಟನ್ನೆಲ್ಲ ಕತ್ತರಿಸಿ ಕತ್ತರಿಸಿ ನನ್ನ ಸ್ವಂತದ ಸಿಟ್ಟು ಯಾವತ್ತೋ ಒಣಗಿಹೋಗಿದೆ ಎಂದೇ ತಿಳಿದಿದ್ದೆ. ಅದು ಒಣಗಿರಲಿಲ್ಲ. ನಿವೃತ್ತಿಯ ನಾಲ್ಕನೆಯ ವರ್ಷದಲ್ಲಿ, ನಾನು ಕಂಡೇ ಇರದ, ಸತ್ತು ನೂರಾರು ವರ್ಷಗಳಾದ, ಸಮುದ್ರದಾಚೆಯ ಒಂದು ಜನರ ಪರವಾಗಿ ಅದು ಎದ್ದು ಕೂತಿತು. ಅವರ ಹೆಸರು ಮೂರ್. ಅಂಕಿಯ ಮೂರಲ್ಲ, ಸ್ಪೇನಿನಲ್ಲಿ ಅರಮನೆ ಕಟ್ಟಿದರು ಎಂದು ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಓದಿ ಮರೆತಿರುತ್ತೇವಲ್ಲ, ಆ ಮೂರ್‌ಗಳು.

ಅವರು ಭಾಗಮಂಡಲದ ರಸ್ತೆಯಲ್ಲಿರುವ ನಮ್ಮ ಮನೆಗೆ ಬಂದದ್ದು ಹೆಂಡತಿಯ ಹೋಂಸ್ಟೇ ಮೂಲಕ. ಮನೆಯ ಪಕ್ಕ ಎರಡು ಕೋಣೆ ಕಟ್ಟಿಸಿ ಪ್ರವಾಸಿಗರಿಗೆ ಕೊಡಬೇಕೆಂಬುದು ಲೀಲಾಳ ಹತ್ತು ವರ್ಷದ ಕನಸು. ಅಂಗನವಾಡಿಯಲ್ಲಿ ದುಡಿದು ಕೂಡಿಟ್ಟದ್ದನ್ನೆಲ್ಲ ಅದಕ್ಕೇ ಹಾಕಿದಳು. ನಕ್ಷೆ ಮಾಡಿಕೊಟ್ಟವನು ಅವಳ ತಮ್ಮನ ಮಗ ಪವನ, ಮೈಸೂರಿನಲ್ಲಿ ಇಂಜಿನಿಯರ್. ಅವನು ಎಲ್ಲಿಯೋ ಒಂದು ಚಿತ್ರ ನೋಡಿ ಜಗಲಿಗೆ ಕುದುರೆ ಲಾಳದ ಆಕಾರದ ನಾಲ್ಕು ಕಮಾನು ಹಾಕಿಸಿದ. ಕುಶಾಲನಗರದ ಮೇಸ್ತ್ರಿ ಮೊದಲನೆಯದನ್ನು ಎರಡು ಸಲ ಕೆಡವಿ ಕಟ್ಟಿದ. ಅಲ್ಲಿಯವರೆಗೆ ನನ್ನದೇನೂ ತಕರಾರಿರಲಿಲ್ಲ. ಕಮಾನು ತಾನೇ, ಮಳೆ ಒಳಗೆ ಹೊಡೆಯದಿದ್ದರೆ ಸಾಕು. ತಕರಾರು ಶುರುವಾದದ್ದು ಬೋರ್ಡಿನಿಂದ. ಶುಕ್ರವಾರ ಮೊದಲ ಅತಿಥಿಗಳು ಬರುವವರಿದ್ದರು. ಸೋಮವಾರ ಲೀಲಾ ನನ್ನ ಮುಂದೆ ಕಾಗದ, ಪೆನ್ನು ಇಟ್ಟಳು.

“ಇವ್ರೇ, ಬೋರ್ಡಿಗೆ ಎರಡು ಸಾಲು ಬರ್ದು ಕೊಡಿ. ‘ಮೂರಿಶ್ ಮನೆ’ ಅಂತ ಹೆಸರು, ಪವನ ಇಟ್ಟದ್ದು. ಕೆಳಗೆ ಮೂರ್ ಅಂದ್ರೆ ಯಾರು ಅಂತ ಒಂದು ಸಾಲು. ಇನ್ನು ನಾಲ್ಕೇ ದಿನ ಉಟ್ಟು.”

ನಮ್ಮ ಅರೆಭಾಷೆಯಲ್ಲಿ ‘ಉಟ್ಟು’ ಎಂದರೆ ಇದೆ. ಲೀಲಾ ಅದನ್ನು ಹೇಳಿದಾಗ ಮಾತ್ರ ‘ಮಾತು ಮುಗಿಯಿತು’ ಎಂಬ ಅರ್ಥ ಬರುತ್ತದೆ.

ಎರಡು ಕಡೆ ಖಾತ್ರಿಯಾಗದ್ದನ್ನು ಅಚ್ಚಿಗೆ ಕೊಡಬಾರದು ಎನ್ನುವುದು ನನ್ನ ನಿಯಮ. ಸಾರಿಗೆ ಉಪ್ಪು ಕಮ್ಮಿ ಎಂದು ಲೀಲಾ ಹೇಳಿದರೂ ನಾನೊಂದು ಚಮಚ ನೆಕ್ಕಿ ನೋಡಿಯೇ ಒಪ್ಪುವವನು. ಹಾಗಾಗಿ ಮಂಗಳವಾರ ಗ್ರಂಥಾಲಯದಲ್ಲಿ ಕೂತೆ. ಮೊದಲ ಪುಸ್ತಕ, ಮೂರ್‌ಗಳು ಅರಬರು ಎಂದಿತು. ಬರೆದುಕೊಂಡೆ. ಎರಡನೆಯದು, ಅಲ್ಲ, ಆಫ್ರಿಕದ ಉತ್ತರ ತೀರದ ಬರ್ಬರ್ ಬುಡಕಟ್ಟಿನವರು ಎಂದಿತು. ‘ಬರ್ಬರ್’ ಕೂಡ ಹೊರಗಿನವರು ಕೊಟ್ಟ ಹೆಸರೇ, ಅವರು ತಮ್ಮನ್ನು ಅಮಾಜಿಗ್ ಎನ್ನುತ್ತಾರೆ ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಹೊಡೆದು ಹಾಕಿ ಬರೆದುಕೊಂಡೆ. ಮೂರನೆಯದು ಅವರು ಕಪ್ಪು ಜನ ಎಂದು ಹಳೆಯ ಚಿತ್ರ ತೋರಿಸಿತು. ನಾಲ್ಕನೆಯದು, ಅವರಲ್ಲಿ ಬಹುಪಾಲು ಸ್ಪೇನಿನ ಮಣ್ಣಿನವರೇ, ಧರ್ಮ ಬದಲಾಯಿಸಿದವರು, ಎಂದಿತು. ಐದನೆಯದನ್ನು ಬರೆದ ಪುಣ್ಯಾತ್ಮ, ಈ ನಾಲ್ವರೂ ಸುಳ್ಳರು ಎಂದು ಮುನ್ನುಡಿಯಲ್ಲೇ ಬೈದಿದ್ದ. ಎರಡು ಮೂಲ ಕೇಳಿದವನಿಗೆ ಐದು ಸಿಕ್ಕಿದ್ದವು; ಒಂದಕ್ಕೊಂದು ಮಾತುಕತೆಯಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಸಂಗತಿ ಮಾತ್ರ ಖಾತ್ರಿಯಾಯಿತು: ಆ ಜನ ತಮ್ಮನ್ನು ತಾವು ಮೂರ್ ಎಂದು ಕರೆದುಕೊಂಡದ್ದೇ ಕಾಣೆ. ಅದು ಎದುರು ದಡದವರು ಅಂಟಿಸಿದ ಚೀಟಿ. ಅರಬನಿಗೂ ಅದೇ, ಬುಡಕಟ್ಟಿನವನಿಗೂ ಅದೇ, ನಿನ್ನೆ ಮೊನ್ನೆ ಧರ್ಮ ಬದಲಾಯಿಸಿದ ಪಕ್ಕದ ಬೀದಿಯ ರೈತನಿಗೂ ಅದೇ. ಆಮೇಲೆ ಪೋರ್ಚುಗೀಸರು ಆ ಚೀಟಿಯ ಕಟ್ಟನ್ನು ಹಡಗಿಗೆ ಹಾಕಿಕೊಂಡು ಬಂದು ನಮ್ಮ ಮಲಬಾರಿನವರಿಗೂ ಸಿಲೋನಿನವರಿಗೂ ಅಂಟಿಸಿದರು.

ಇಲ್ಲಿ ನನಗೆ ಸಿಟ್ಟು ಬಂತು. ಯಾಕೆಂದರೆ ನಾನು ಕೊಡಗಿನವನು. ನಮ್ಮಲ್ಲಿ ಇಬ್ಬರು ಭೇಟಿಯಾದರೆ ಹೆಸರು ಕೇಳುವ ಮೊದಲು ಕೇಳುವ ಪ್ರಶ್ನೆ ‘ಯಾವ ಮನೆ?’ ಎಂಬುದು. ಮನೆತನದ ಹೆಸರು ಹೇಳಿದಿರೋ, ಅಜ್ಜನ ಗದ್ದೆ, ಅತ್ತೆಯ ಊರು ಎಲ್ಲ ತಾನಾಗಿ ಹೊರಬರುತ್ತದೆ. ಸಂಪಾಜೆ ಘಾಟಿಯಲ್ಲಿ ಜೀಪೊಂದು ಚರಂಡಿಗೆ ಇಳಿದಾಗ ವರದಿಗೆ ಹೋಗಿದ್ದೆ. ಒಳಗೆ ಸಿಕ್ಕಿಕೊಂಡಿದ್ದವನ ಕಾಲು ಬಿಡಿಸುವ ಮೊದಲೇ ಒಬ್ಬರು ಬಗ್ಗಿ “ಯಾವ ಮನೆ?” ಎಂದು ಕೇಳಿದ್ದರು. ಅವನೂ ನರಳುವುದನ್ನು ನಿಲ್ಲಿಸಿ ಉತ್ತರ ಕೊಟ್ಟೇ ಮುಂದೆ ನರಳಿದ. ಇಂಥ ಊರಿನವನಿಗೆ, ಏಳೆಂಟು ನೂರು ವರ್ಷ ಒಂದು ಜನಸಮೂಹವನ್ನು ‘ಯಾವ ಮನೆ’ ಎಂದು ಒಬ್ಬನೂ ಕೇಳಲಿಲ್ಲ ಎಂದರೆ ಹೇಗೆ ಸಹಿಸಲಾದೀತು?

ಸ್ವಂತದ ಗಾಯವೂ ಒಂದಿತ್ತು, ಮುಚ್ಚಿಡುವುದೇಕೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕುವ ಪ್ರವಾಸಿಗರು “ಅಂಕಲ್, ಕೂರ್ಗಿಗಳು ಅರಬರಂತೆ, ಹೌದಾ? ಇಲ್ಲ ಅಲೆಕ್ಸಾಂಡರನ ಸೈನಿಕರಾ?” ಎಂದು ಕೇಳುತ್ತಾರೆ. ನನ್ನ ಕೊಡವ ಗೆಳೆಯರಿಗೆ ಈ ಪ್ರಶ್ನೆ ಕೇಳಿ ಕೇಳಿ ರೋಸಿಹೋಗಿದೆ. ನನ್ನ ಕಷ್ಟ ಇನ್ನೂ ಕೆಳಗಿನದು. ನಾನು ಕೊಡವನೇ ಅಲ್ಲ, ಅರೆಭಾಷೆ ಗೌಡ. ಅದನ್ನು ಹೇಳಿದರೆ ಅವರ ಮುಖ ಬಾಡುತ್ತದೆ, ಟಿಕೆಟ್ ಕೊಂಡು ಒಳಗೆ ಹೋದಮೇಲೆ ಹುಲಿಯ ಬೋನು ಖಾಲಿ ಕಂಡವರ ಹಾಗೆ. ಲೀಲಾಳದು ಮತ್ತೂ ವಿಚಿತ್ರ. ಅವಳ ತವರು ಕೇರಳದ ಗಡಿಯಲ್ಲಿರುವ ಕರಿಕೆ. ಮಡಿಕೇರಿಯಲ್ಲಿ ಅವಳನ್ನು ಮಲಯಾಳಿ ಎಂದರು; ಗಡಿ ದಾಟಿ ಪೇಟೆಗೆ ಹೋದರೆ ಅಲ್ಲಿಯವರು ಕೊಡಗಿನವಳು ಎನ್ನುತ್ತಿದ್ದರಂತೆ. ಅವಳಿಗೆ ಅದರಿಂದ ಒಂದು ರಾತ್ರಿಯ ನಿದ್ದೆಯೂ ಕೆಟ್ಟಿಲ್ಲ. ಸಿಟ್ಟು ಮಾಡುವ ಕೆಲಸವನ್ನು ಮದುವೆಯಾದಂದಿನಿಂದ ನನಗೇ ಬಿಟ್ಟಿದ್ದಾಳೆ.

ಬುಧವಾರ ವಿರಾಜಪೇಟೆಗೆ ಹೋದವನು ಉಸ್ಮಾನನ ಕರಿಮೆಣಸಿನ ಅಂಗಡಿಗೆ ಹೊಕ್ಕೆ. ಕಾಲೇಜಿನ ಕಾಲದ ಗೆಳೆಯ. ಅವನ ಮನೆಯವರು ತಲೆಮಾರುಗಳಿಂದ ಅಲ್ಲೇ ವ್ಯಾಪಾರದಲ್ಲಿದ್ದಾರೆ. ವಿಷಯ ಹೇಳಿದೆ. ಅವನು ಮೆಣಸಿನ ರಾಶಿಯಲ್ಲಿ ಕೈ ಆಡಿಸುತ್ತಲೇ ನಕ್ಕ.

“ನಮ್ಮ ಉಪ್ಪನ ಉಪ್ಪ, ಅಂದ್ರೆ ಅಜ್ಜ, ಇದೇ ಮೆಣಸು ಕಣ್ಣೂರಿಗೆ ಹೊತ್ತವ್ರು ಗೌಡ್ರೇ. ಆ ಕಡೆ ನಮ್ಮವ್ರನ್ನ ಪರಂಗಿಗಳು ಮೂರ್ ಅಂತ್ಲೇ ಬರ್ದಿಟ್ಟದ್ದು. ನಮ್ಮ ಮನೇಲಿ ಒಬ್ಬರಿಗೂ ಗೊತ್ತಿಲ್ಲ! ನಮ್ಗೆ ಹೇಳ್ದೇ ಬರ್ಕೊಂಡು ಹೋಗಿದ್ದಾರೆ.”

“ಹಾಗಾದ್ರೆ ನೀನು ಮೂರ್ ಏನೋ?”

“ನಾನು ವಿರಾಜಪೇಟೆ. ಅರ್ಧ ಕೇಜಿ ಮೆಣಸು ಕಟ್ಲಾ?”

ಮನೆಗೆ ಬಂದು ಪವನನಿಗೆ ಫೋನ್ ಮಾಡಿದೆ. ಯಾವ ಆಧಾರದ ಮೇಲೆ ಆ ಹೆಸರು ಕೊಟ್ಟೆ ಎಂದು, ವರದಿಗಾರರನ್ನು ಕೇಳುತ್ತಿದ್ದ ದನಿಯಲ್ಲೇ ಕೇಳಿದೆ.

“ಮಾವ, ಕಮಾನು ಇದ್ರೆ ಮೂರಿಶ್. ಅಷ್ಟೇ. ಅವ್ರು ಯಾರು ಅಂತ ಯಾರು ಕೇಳ್ತಾರೆ?”

ಯಾರು ಕೇಳ್ತಾರೆ! ನಾನು ಕೇಳುತ್ತೇನೆ ಎಂದು ಕೂಗಿದೆ. ಗದ್ದಲಕ್ಕೆ ಅಡುಗೆಮನೆಯಿಂದ ಲೀಲಾ ಬಂದಳು.

“ನಿಮ್ಮ ಮೂರ್ ಯಾರು ಅಂತ ಗೊತ್ತಾಗುವ ತನಕ ನಂಗೆ ಗಿರಾಕಿ ಬೇಡ್ವಾ? ಬೋರ್ಡಿಲ್ದೆ ಬಂದವ್ರು ಎದುರು ಮನೆಗೆ ಹೋಗಿ ಇಳಿದ್ರೆ? ಹತ್ತು ವರ್ಷ ನಾನು ಕಾದದ್ದು, ನೀವಲ್ಲ.”

ಮುಖ ಕೆಂಪಗಾಗಿತ್ತು ಅವಳದು. ಬೋರ್ಡು ಗುರುವಾರ ಬರೆಯಲೇಬೇಕು ಎಂದು ಒಪ್ಪಿದೆ, ಏನು ಬರೆಯುವುದೆಂದು ಮಾತ್ರ ಹೇಳಲಿಲ್ಲ.

ಬೋರ್ಡು ಬರೆಯುವವನು ನಮ್ಮ ತೋಟದ ಅಸ್ಸಾಮಿ. ನಮ್ಮದು ನಾಲ್ಕೆಕರೆ ಕಾಫಿ, ಅದಕ್ಕೆ ಮೂರು ವರ್ಷದಿಂದ ಇರುವ ಆಳು ಅವನೊಬ್ಬನೇ. ಹೆಸರು ಸೋಮ್ರಾ, ವಯಸ್ಸು ಮೂವತ್ತರ ಆಸುಪಾಸು. ಮರಗಳಿಗೆ ನಂಬರು ಹಾಕುವಾಗ ಅವನ ಕುಂಚದ ಹಿಡಿತ ನೋಡಿದ್ದೆ, ಅಚ್ಚಿನ ಅಕ್ಷರ. ಬಂದ ಹೊಸದರಲ್ಲಿ ಅವನು ನನ್ನನ್ನು “ನೀನ್, ನೀನ್” ಎನ್ನುತ್ತಿದ್ದ. ಕನ್ನಡದಲ್ಲಿ ಹಿರಿಯರಿಗೆ ‘ನೀವು’ ಎನ್ನಬೇಕು ಎಂದು ನಾನೇ ಕೂರಿಸಿ ಕಲಿಸಿದೆ. ಕಲಿತ. ಈಗ ಬಸ್ಸಿನ ಬೋರ್ಡು ಓದುವಷ್ಟು ಕನ್ನಡ ಬರುತ್ತದೆ.

ಗುರುವಾರ ಬೆಳಿಗ್ಗೆ ಅವನು ಜಗಲಿಯಲ್ಲಿ ಹಲಗೆ ಹಾಸಿ, ಬಿಳಿ ಬಳಿದು, ಕುಂಚ ಹಿಡಿದು ಕೂತಿದ್ದ.

“ಏನು ಬರೀಲಿ ಸಾರ್? ಅಮ್ಮ ಮೂರಿಶ್ ಅಂದ್ರು. ಅಂದ್ರೆ ಏನು?”

ಮೂರು ದಿನದಿಂದ ಕೇಳುವವರಿಲ್ಲದೆ ಒಳಗೇ ಕುದಿಯುತ್ತಿದ್ದದ್ದೆಲ್ಲ ಹೊರಬಂತು. ಐದು ಪುಸ್ತಕ, ಎರಡು ಖಂಡ, ಪೋರ್ಚುಗೀಸರ ಹಡಗು, ಎಲ್ಲವನ್ನೂ ಕಮಾನಿನ ಕೆಳಗೆ ನಿಂತು ಹೇಳಿದೆ. “ನೋಡು ಸೋಮ್ರಾ, ಅನ್ಯಾಯ ಅಂದ್ರೆ ಇದು. ನೂರು ತರದ ಜನಕ್ಕೆ ಒಂದೇ ಹೆಸರು. ನೀವ್ಯಾರು, ಮನೇಲಿ ಏನು ಮಾತಾಡ್ತೀರಿ, ಒಂದು ಮಾತು ಕೇಳೋ ಸೌಜನ್ಯ ಇಲ್ಲ. ದೂರದಿಂದ ನೋಡಿ ಹೆಸರಿಟ್ಟುಬಿಡೋದು!”

ಸೋಮ್ರಾ ಕುಂಚವನ್ನು ಡಬ್ಬದ ಅಂಚಿಗೆ ಒರೆಸಿದ. “ಗೊತ್ತಾಯ್ತು ಸಾರ್. ಅಸ್ಸಾಮಿ ತರ.”

“ಯಾರ ತರ?”

“ನನ್ನ ತರ. ಅಸ್ಸಾಮಲ್ಲಿ ನನಗೆ ಅಸ್ಸಾಮಿ ಅಂತ ಯಾರೂ ಹೇಳಲ್ಲ. ನಾನು ಅಸ್ಸಾಮಿ ಆದದ್ದು ಮಡಿಕೇರಿಗೆ ಬಂದ್ಮೇಲೆ.”

ನಾನು ಮೆಟ್ಟಿಲ ಮೇಲೆ ಕೂತೆ. ಅವನು ಬಿಳಿ ಹಲಗೆಯನ್ನು ನೋಡುತ್ತಲೇ ಹೇಳಿದ. ಅವನ ಅಜ್ಜನ ಅಪ್ಪನನ್ನು ರಾಂಚಿಯ ಕಡೆಯಿಂದ ಚಹಾ ತೋಟಕ್ಕೆ ಕರೆದುಕೊಂಡು ಹೋದರಂತೆ. ಅಲ್ಲಿ ನಾಲ್ಕು ತಲೆಮಾರು ಎಲೆ ಕಿತ್ತರೂ ಊರವರು ಅವರನ್ನು ‘ತೋಟದವರು’ ಎಂದೇ ಕರೆಯುವುದು. ರಾಂಚಿಯನ್ನು ಅವನು ಕಂಡೇ ಇಲ್ಲ. ಅವರು ಒರಾಂವ್ ಜನ. ಅದೂ ಬೇರೆಯವರಿಟ್ಟ ಹೆಸರು, ತಾವು ಹೇಳಿಕೊಳ್ಳುವುದು ಕುಡುಖ್ ಎಂದು.

“ಅಜ್ಜಿ ಕುಡುಖ್ ಮಾತಾಡ್ತಿದ್ಲು. ನನಗೆ ಪೂರ್ತಿ ಬರಲ್ಲ. ಕಣ್ಣಿಗೆ ಖನ್, ಹಲ್ಲಿಗೆ ಪಲ್ಲ್. ಇಲ್ಲಿಗೆ ಬಂದಾಗ ಆಶ್ಚರ್ಯ ಆಯ್ತು ಸಾರ್, ಅಜ್ಜಿ ಮಾತು ಇಲ್ಲಿ ಬಸ್ಸಲ್ಲಿ ಕೇಳ್ತಿದೆ ಅಂತ. ಅವಳ ಮಾತಲ್ಲೂ ನೀನ್ ಅಂದ್ರೆ ನೀನೇ.”

“ಅದಕ್ಕೇ ನನ್ನನ್ನ ನೀನ್ ಅಂತಿದ್ದೆಯಾ?”

“ಹೌದು ಸಾರ್. ಬಂದ ದಿನ ನನಗೆ ಬರ್ತಿದ್ದ ಕನ್ನಡ ಅದೊಂದೇ. ನೀವು ಬೈದ್ರಿ, ಬಿಟ್ಟುಬಿಟ್ಟೆ.”

ಆಫ್ರಿಕದಲ್ಲಿ ಮೂಲ ಹುಡುಕಲು ನಾನು ಮೂರು ದಿನ ಕಳೆದಿದ್ದೆ. ಕುಡುಖ್ ಕೂಡ ಕನ್ನಡದಂತೆ ದ್ರಾವಿಡ ನುಡಿಯೇ; ನಮ್ಮ ಮಾತಿನ ದೂರದ ದಾಯಾದಿಯೊಬ್ಬ ಮೂರು ವರ್ಷದಿಂದ ತೋಟದ ಆಳಿಗೆಂದು ಕಟ್ಟಿದ ನಮ್ಮ ಲೈನ್ ಮನೆಯಲ್ಲಿದ್ದ. ಅವನ ಅಜ್ಜಿಯ ಪದವನ್ನು ಅವನ ಬಾಯಿಂದ ಬಿಡಿಸಿದವನು ನಾನೇ, ಮರ್ಯಾದೆಯ ಹೆಸರಿನಲ್ಲಿ. ಕಚೇರಿಯಲ್ಲಿದ್ದಾಗ ‘ಅಸ್ಸಾಂ ಕಾರ್ಮಿಕರು’ ಎಂಬ ತಲೆಬರಹವನ್ನು ಎಷ್ಟು ಸಲ ಕೊಟ್ಟಿದ್ದೆನೋ, ಎರಡನೆಯ ಮೂಲ ಕೇಳಿದ ನೆನಪಿಲ್ಲ. ಪದ ಕಾಲಂಗೆ ಸರಿಯಾಗಿ ಕೂರುತ್ತಿತ್ತು, ಕೂರಿಸುತ್ತಿದ್ದೆ. ಪೋರ್ಚುಗೀಸರಿಗೂ ಕಾಲಂ ಚಿಕ್ಕದಿತ್ತೋ ಏನೋ.

“ಸೋಮ್ರಾ,” ಎಂದೆ, “ನಿಮ್ಮದು ಯಾವ ಮನೆ?”

ಅವನು ತಲೆಯೆತ್ತಿದ. “ನಮ್ಮಲ್ಲಿ ಮನೆ ಹೆಸರಿಲ್ಲ ಸಾರ್, ಗೋತ್ರ ಇದೆ. ತಿರ್ಕಿ. ಅದೊಂದು ಹಕ್ಕಿ, ನಮ್ಮವ್ರು ಅದನ್ನ ತಿನ್ನಲ್ಲ.” ಕುಂಚವನ್ನು ಡಬ್ಬದಲ್ಲಿ ಅದ್ದುತ್ತ, “ಇಲ್ಲಿ ಎಲ್ರೂ ಎಲ್ರನ್ನೂ ಅದನ್ನೇ ಕೇಳ್ತಾರೆ. ನನ್ನನ್ನ ಕೇಳಿದ್ದು ಇವತ್ತೇ” ಎಂದ. ದೂರಲ್ಲ, ವರದಿ. ನನಗಿಂತ ಒಳ್ಳೆಯ ವರದಿಗಾರ.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಲೀಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ಸಾಕು. ನಿಮ್ಮನ್ನ ಯಾರಾದ್ರೂ ಯಾವ ಮನೆ ಅಂತ ಕೇಳಿದ್ರೆ ಎಂತ ಹೇಳ್ತೀರಿ? ಅದನ್ನೇ ಬರ್ಸಿ.” ಹೀಗೆ ಬೋರ್ಡಿನ ಮೇಲೆ ‘ಕಾಟಿಬೈಲು ಮನೆ’ ಎಂದು ನಮ್ಮ ಮನೆತನದ ಹೆಸರು ಬಂತು. ಎರಡು ಕಡೆ ಖಾತ್ರಿಯಾದದ್ದು: ನನಗೂ ಗೊತ್ತು, ಅವಳಿಗೂ ಗೊತ್ತು. ಸೋಮ್ರಾನನ್ನು ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಅಸ್ಸಾಮಿ ಎನ್ನಕೂಡದು, ಅವರನ್ನೇ ಕೇಳದೆ ಯಾರಿಗೂ ಹೆಸರಿಡಕೂಡದು ಎಂದು ನಾನು ಊಟದ ಹೊತ್ತಿಗೆ ಗಂಭೀರವಾಗಿ ಪ್ರಕಟಿಸಿದೆ. “ಯಾರೂ ಅಂದ್ರೆ ಯಾರು? ನಾನು ಸೋಮ್ರಾ ಅಂತ್ಲೇ ಕರೆಯೋದು” ಎಂದಳು ಲೀಲಾ.

ಶುಕ್ರವಾರ ಮಧ್ಯಾಹ್ನ ಸೋಮ್ರಾ ಗೇಟಿನಲ್ಲಿ ಬೋರ್ಡಿಗೆ ಕೊನೆಯ ಮೊಳೆ ಹೊಡೆಯುತ್ತಿದ್ದಾಗ ಕಾರು ಬಂತು. ಗಂಡ, ಹೆಂಡತಿ, ಕಪ್ಪು ಕನ್ನಡಕ, ಎರಡು ದೊಡ್ಡ ಪೆಟ್ಟಿಗೆ. ಅಡುಗೆಮನೆಯಿಂದ ಲೀಲಾ ಕೂಗಿ ಕೇಳಿದಳು: “ಯಾರು ಬಂದದ್ದು?”

“ಬೆಂಗಳೂರಿನವ್ರು!” ಎಂದು ಏಣಿ ಹಿಡಿದು ನಿಂತಿದ್ದ ನಾನು ಕೂಗಿದೆ.

ಕಾರಿನಿಂದ ಇಳಿದವರು ಕನ್ನಡಕ ತೆಗೆದು ನಮಸ್ಕಾರ ಮಾಡಿದರು. “ಬೆಂಗಳೂರಲ್ಲ ಸಾರ್, ನಾವು ಸಿರಾ ಕಡೆಯವ್ರು. ಎಲ್ಲೋದ್ರೂ ಬೆಂಗಳೂರಿನವ್ರು ಅಂತಾರೆ, ಏನ್ಮಾಡೋದು.”

ಮೊಳೆ ಹೊಡೆಯುವ ಸದ್ದು ನಿಂತಿತು. ಸೋಮ್ರಾ ಏಣಿಯ ಮೇಲಿಂದ ಇಳಿಯಲೂ ಇಲ್ಲ, ನಗಲೂ ಇಲ್ಲ. ಬೋರ್ಡಿನ ಕಡೆಗೇ ಮುಖ ಮಾಡಿಕೊಂಡು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ:

“ಸಾರ್, ಯಾವ ಮನೆ ಅಂತ ಕೇಳೋದು ಮರ್ತ್ರಿ.”