ಕರಡಿರಾಯರ ಆಟೊಮ್ಯಾಟಿಕ್ ವಾಚು

"ಹುಟ್ಟಿದ್ದೇನೋ ಎಲ್ಲರ ಹಾಗೇ ಹುಟ್ಟಿದೆ. ಆದರೆ ಎಲ್ಲರ ಹಾಗೆ ಪೂರ್ತಿ ಬೆಲೆ ಕೊಟ್ಟು ಸಾಯೋನಲ್ಲ ನಾನು!"

ಶನಿವಾರ ಬೆಳಿಗ್ಗೆ ಒಂದು ಕೆನ್ನೆಗೆ ಮಾತ್ರ ಸೋಪು ಬಳಿದುಕೊಂಡು ಕನ್ನಡಿಯ ಮುಂದೆ ನಿಂತು ಕರಡಿರಾಯರು ಈ ಘೋಷಣೆ ಮಾಡಿದರು. ಕೇಳಿಸಿಕೊಂಡದ್ದು ಕನ್ನಡಿಯೊಂದೇ. ಅದು ಎದುರು ಮಾತಾಡುವ ಪೈಕಿಯಲ್ಲ.

ಕರಡಿರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವರ ಕೆಲಸ. ಕರಡು ತಿದ್ದುವವರನ್ನು ಕರಡಿ ಮಾಡಿದ್ದು ಸಹೋದ್ಯೋಗಿಗಳ ಕೃಪೆ, ಬಾಲಕ್ಕೆ 'ರಾಯರು' ಅಂಟಿಸಿದ್ದು ಮಾಲೀಕರ ಮರ್ಯಾದೆ. ಒಂದು ಒತ್ತಕ್ಷರ ಜಾರಿದ್ದರೂ, ಒಂದು ಸೊನ್ನೆ ಬಿಟ್ಟುಹೋಗಿದ್ದರೂ ಅವರ ಕಣ್ಣಿಗೆ ಬೀಳದೆ ಪುಟ ದಾಟುವಂತಿಲ್ಲ. ಇಂಥ ಕಣ್ಣಿನ ಮನುಷ್ಯನಿಗೆ ಒಂದೇ ಒಂದು ದೌರ್ಬಲ್ಯ. ಎಲ್ಲಾದರೂ 'ರಿಯಾಯಿತಿ' ಎಂದು ಬರೆದಿದ್ದರೆ, ಅದರ ಕಾಗುಣಿತ ಸರಿಯಿದೆಯೋ ಇಲ್ಲವೋ ನೋಡದೆ ಒಳಗೆ ನುಗ್ಗುತ್ತಿದ್ದರು.

ಎರಡು ತಿಂಗಳ ಹಿಂದೆ ಮನೆಯ ವಾಷಿಂಗ್ ಮಷೀನು ಗಡಗಡ ನಡುಗಿ, ಮೂರು ಹೆಜ್ಜೆ ಮುಂದೆ ನಡೆದುಬಂದು, ಬಚ್ಚಲ ಬಾಗಿಲಲ್ಲೇ ಪ್ರಾಣ ಬಿಟ್ಟಿತ್ತು. ಅಂದಿನಿಂದ ಹೆಂಡತಿ ಹೊಸದರ ಮಾತೆತ್ತಿದಾಗಲೆಲ್ಲ ರಾಯರದು ಒಂದೇ ಉತ್ತರ: "ತಾಳು, ರಿಯಾಯಿತಿ ಬರಲಿ." ಆಕೆ ಆಸ್ಪತ್ರೆಯಲ್ಲಿ ನರ್ಸು. ತಾಳುವುದು ಆಕೆಯ ಕಸುಬಿನಲ್ಲೇ ಇತ್ತು. ಆದರೆ ಆ ಶನಿವಾರ ಬೆಳಗಿನ ಪಾಳಿಗೆ ಹೊರಡುವಾಗ, ದುಡ್ಡಿನ ಲಕೋಟೆಯನ್ನು ಗಂಡನ ಕೈಗಿಟ್ಟು ಖಡಾಖಂಡಿತವಾಗಿ ಹೇಳಿದ್ದಳು:

"ರೀ, ಇವತ್ತು ನಾನು ಬರೋ ಹೊತ್ತಿಗೆ ಮನೇಲಿ ಮಷೀನ್ ಇರಬೇಕು."

"ಇರುತ್ತೆ!" ಎಂದರು ರಾಯರು. ಯಾವ ಮಷೀನು ಎಂದು ಆಕೆಯೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಅನಾಹುತ ಶುರುವಾದದ್ದೇ ಅಲ್ಲಿ.

ಮಷೀನಿನ ಅಂಗಡಿಗೆ ಹೋಗುವ ದಾರಿಯಲ್ಲೇ, ಕನ್ನಡಕದ ಅಂಗಡಿಯ ಮೇಲೆ ಮೂರನೇ ಮಹಡಿಯಲ್ಲಿ ಒಬ್ಬ ವಾಚಿನ ವ್ಯಾಪಾರಿ ಇದ್ದಾನೆ, ದೊಡ್ಡ ದೊಡ್ಡ ಕಂಪನಿಗಳ ವಾಚನ್ನು ಶೋರೂಮಿಗಿಂತ ಎಷ್ಟೋ ಕಡಿಮೆಗೆ ಕೊಡುತ್ತಾನೆ ಎಂದು ಪ್ರೆಸ್ಸಿನ ಬೈಂಡರ್ ಹೇಳಿದ್ದ. 'ಸುಮ್ಮನೆ ನೋಡಿ ಬರೋಣ' ಎಂದು ಮೆಟ್ಟಿಲು ಹತ್ತಿದರು. ಸುಮ್ಮನೆ ನೋಡಲು ಹೋದವರು ಯಾರು ತಾನೆ ಸುಮ್ಮನೆ ಬಂದಿದ್ದಾರೆ?

ವ್ಯಾಪಾರಿ ತೆಳು ಮೀಸೆಯ, ಮೆಲುದನಿಯ ಮನುಷ್ಯ. ನೀಲಿ ಮಖಮಲ್ಲಿನ ತಟ್ಟೆಯಲ್ಲಿ ಒಂದು ವಾಚನ್ನು ಎದುರಿಗಿಟ್ಟ. ರಾಯರ ಎದೆ ಒಂದು ಬಡಿತ ತಪ್ಪಿ, ವಾಚಿನ ತಾಳಕ್ಕೆ ಹೊಂದಿಕೊಂಡಿತು.

"ಇದನ್ನ ಗ್ರೇ ಮಾರ್ಕೆಟ್ ಅಂತಾರಂತಲ್ಲ, ಕಳ್ಳಮಾಲು ಅಲ್ಲ ತಾನೆ?"

"ಕಪ್ಪೂ ಅಲ್ಲ, ಬಿಳೀನೂ ಅಲ್ಲ ಸರ್. ತಮ್ಮ ತಲೆಗೂದಲಿದ್ದ ಹಾಗೆ," ಎಂದ ಆತ ವಿನಯದಿಂದ. "ಮಾಲು ಅದೇ ಕಾರ್ಖಾನೇದು. ಕಂಪನಿ ನೇಮಿಸಿದ ಅಂಗಡಿ ನನ್ನದಲ್ಲ, ಅಷ್ಟೇ. ಅದಕ್ಕೇ ಕಂಪನಿ ಗ್ಯಾರಂಟಿ ಸಿಗಲ್ಲ. ನನ್ನ ಗ್ಯಾರಂಟಿ ಇದೆ. ಏನಾದ್ರೂ ಆದ್ರೆ ಇದೇ ಮೆಟ್ಟಿಲು, ಇದೇ ಬಾಗಿಲು, ಇದೇ ಮೀಸೆ."

ರಾಯರು ಭೂತಗನ್ನಡಿ ಇಸಿದುಕೊಂಡು ವಾಚಿನ ಮುಖವನ್ನು ಅಡಿಯಿಂದ ಮುಡಿಯವರೆಗೆ ಓದಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ! ಕಾಗುಣಿತ ಸರಿಯಿದ್ದ ಮೇಲೆ ಮಾಲು ನಕಲಿಯಾಗುವುದು ಹೇಗೆ? ಮಷೀನಿನ ಲಕೋಟೆಗೆ ತಮ್ಮ ವರ್ಷದ ಬೋನಸ್ಸನ್ನೂ ಸೇರಿಸಿ ಕೊಟ್ಟು, ಎಡಗೈಯನ್ನು ಗಾಜಿನ ಪಾತ್ರೆಯಂತೆ ಎದೆಯೆತ್ತರಕ್ಕೆ ಹಿಡಿದು ಮನೆಗೆ ಬಂದರು. ಬಂದವರೇ ಗೋಡೆ ಗಡಿಯಾರದ ಸೆಲ್ಲು ಕಿತ್ತು ಟೀವಿ ರಿಮೋಟಿಗೆ ಹಾಕಿದರು. ಇನ್ನು ಈ ಮನೆಗೆ ಒಂದೇ ಕಾಲಮಾನ!

ಮಧ್ಯಾಹ್ನ ಹೆಂಡತಿ ಬಂದವಳು ಬಚ್ಚಲಿಗೆ ಇಣುಕಿದಳು. ಅಡುಗೆಮನೆಗೆ ಇಣುಕಿದಳು.

"ಮಷೀನ್ ಎಲ್ರೀ?"

ರಾಯರು ಮುಂಗೈ ಚಾಚಿದರು. "ಇಲ್ಲಿ! ನೂರೈವತ್ತು ಬಿಡಿಭಾಗ ಇರೋ ಮಷೀನು. ಅದೂ ಅರ್ಧಕ್ಕರ್ಧ ರಿಯಾಯಿತೀಲಿ!"

ಆಕೆ ವಾಚನ್ನು ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ವಾಚನ್ನು ನೋಡಿದಳು.

"ವಾಷಿಂಗ್ ಮಷೀನ್ ತನ್ನಿ ಅಂದ್ರೆ ವಾಚಿಂಗ್ ಮಷೀನ್ ತಂದಿದ್ದೀರಲ್ಲ!"

"ಗ್ರೇ ಮಾರ್ಕೆಟ್ ಕಣೇ, ಬೂದು ಮಾರುಕಟ್ಟೆ..."

"ಬೂದೋ ಬೂದಿಯೋ, ನನ್ನ ಲಕೋಟೆಯಂತೂ ಸುಟ್ಟಿತು."

ಆಕೆ ಕೂಗಾಡಿದ್ದರೆ ರಾಯರಿಗೆ ಸಮಾಧಾನವಾಗುತ್ತಿತ್ತು. ಕೂಗಾಡಲಿಲ್ಲ. ನೇರ ಬಚ್ಚಲಿಗೆ ಹೋಗಿ ಬಟ್ಟೆ ಒಗೆಯತೊಡಗಿದಳು. ಧಪ್! ಧಪ್! ಎಂಬ ಪ್ರತಿ ಏಟಿನಲ್ಲೂ ರಾಯರಿಗೆ ತಮ್ಮ ಹೆಸರೇ ಕೇಳಿಸಿತು.

ಹದಿನಾಲ್ಕರ ಮಗಳು ಕಿವಿಯ ಬಳಿ ಬಂದು ಪಿಸುಗುಟ್ಟಿದಳು: "ಅಪ್ಪ, ಅಮ್ಮ ಬೈಲಿಲ್ಲ ಅಂದ್ರೆ ತುಂಬಾ ಸೀರಿಯಸ್ಸು."

ಭಾನುವಾರವಿಡೀ ರಾಯರು ಕುರ್ಚಿಯಲ್ಲಿ ಕೂತು ಪತ್ರಿಕೆ ಓದುತ್ತ, ಐದೈದು ನಿಮಿಷಕ್ಕೊಮ್ಮೆ ಗಂಟೆ ನೋಡಿದರು. ಸೋಮವಾರ ಬೆಳಿಗ್ಗೆ ಹೆಂಡತಿ ಪಾಳಿಗೆ, ಮಗಳು ವಾಲಿಬಾಲ್ ಅಭ್ಯಾಸಕ್ಕೆ ಹೋದ ಮೇಲೆ ನೋಡಿದರೆ ಎಂಟೂ ಇಪ್ಪತ್ತು. ಸಾವಕಾಶವಾಗಿ ಸ್ನಾನ ಮಾಡಿದರು. ಎಂಟೂ ಇಪ್ಪತ್ತು. ತಿಂಡಿ ತಿಂದರು, ಕಾಫಿ ಕುಡಿದರು, ಶೂ ಒರೆಸಿದರು. ಆಗಲೂ ಎಂಟೂ ಇಪ್ಪತ್ತು! "ದುಬಾರಿ ವಾಚಂದ್ರೆ ದುಬಾರಿ ವಾಚೇ. ಎಷ್ಟೊಂದು ಸಮಯ ಉಳಿಸಿಕೊಡುತ್ತೆ!" ಎಂದು ಮೆಚ್ಚಿಕೊಂಡು, ಎಡಗೈಯನ್ನು ಮೊನ್ನೆಯ ಹಾಗೇ ಎದೆಯೆತ್ತರಕ್ಕೆ ಹಿಡಿದು ಹೊರಟರು. ಇಂಥ ವಾಚಿರುವಾಗ ಫೋನಿನಲ್ಲಿ ಗಂಟೆ ನೋಡುವ ದೈನ್ಯ ಅವರಿಗೇಕೆ?

ಪ್ರೆಸ್ಸಿನ ಬಾಗಿಲಲ್ಲೇ ಮಾಲೀಕರು ನಿಂತಿದ್ದರು. ಅವರ ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ಕೈಯಲ್ಲಿ ವರ್ತಕರ ಸಂಘದ ಆಮಂತ್ರಣ. ಕರಡಿರಾಯರಿಗಾಗಿ ಕಾದೂ ಕಾದೂ, ಕೊನೆಗೆ ತಿದ್ದದ ಕರಡನ್ನೇ ಅಚ್ಚಿಗೆ ಹಾಕಿದ್ದರು.

"ಓದ್ರೀ ಇದನ್ನ."

ರಾಯರು ಓದಿದರು: 'ನಗರದ ನಗಣ್ಯರೆಲ್ಲರಿಗೂ ಆದರದ ಸ್ವಾಗತ.'

"ಒಂದು ನಕಾರ ಹೆಚ್ಚಾಗಿದೆ ಸರ್..."

"ನಕಾರ ಹೆಚ್ಚಾದ್ರೆ ನಮ್ಮ ಗಿರಾಕಿ ಕಮ್ಮಿಯಾಗ್ತಾರೆ ಕಣ್ರೀ! ಇಪ್ಪತ್ತೆರಡು ವರ್ಷದಲ್ಲಿ ನೀವು ಒಂದು ದಿನ ತಡ ಮಾಡಿದವರಲ್ಲ. ಮೈಗೆ ಹುಷಾರಿಲ್ವಾ?"

ಆ ಕೊನೆಯ ಪ್ರಶ್ನೆಯನ್ನು ಮಾಲೀಕರು ನಿಜವಾದ ಕಳಕಳಿಯಿಂದ ಕೇಳಿದರು. ಬೈಗುಳಕ್ಕಿಂತ ಅದೇ ರಾಯರಿಗೆ ಹೆಚ್ಚು ಚುಚ್ಚಿತು. ಕಾರ್ಡುಗಳು ಇನ್ನೂ ಹೊರಗೆ ಹೋಗಿರದಿದ್ದುದೇ ಪುಣ್ಯ. ಬೈಂಡರನ್ನು ಪಕ್ಕಕ್ಕೆ ಕೂರಿಸಿಕೊಂಡು, ಎಡಗೈಯಲ್ಲಿ ಕಾರ್ಡು ಒತ್ತಿ ಹಿಡಿದು, ಬಲಗೈಯ ಬ್ಲೇಡಿನಿಂದ ಒಂದೊಂದೇ 'ನ' ಕೆರೆದು ತೆಗೆದರು. ಸಂಜೆ ಐದರ ಹೊತ್ತಿಗೆ ಊರಿನ ನಗಣ್ಯರೆಲ್ಲ ಮತ್ತೆ ಗಣ್ಯರಾದರು. ವಾಚಿನಲ್ಲಿ ಮಾತ್ರ ಇನ್ನೂ ಎಂಟೂ ಇಪ್ಪತ್ತು.

ಮೊದಲು ಪ್ರೆಸ್ಸಿನ ಪಕ್ಕದಲ್ಲೇ ಇದ್ದ ಕಂಪನಿಯ ಶೋರೂಮಿಗೆ ಹೋದರು. ಅಲ್ಲಿನ ಹುಡುಗಿ ದೂರದಿಂದಲೇ ನೋಡಿ, ಗ್ಯಾರಂಟಿ ಚೀಟಿ ಕೇಳಿ, ನಕ್ಕು ಹೇಳಿದಳು: "ವಾಚು ನಮ್ಮದೇ ಸರ್. ಆದ್ರೆ ನೀವು ನಮ್ಮವರಲ್ಲ."

ರಾಯರ ರಕ್ತ ಕುದಿಯಿತು. ಬಸ್ಸಿಗೂ ಕಾಯದೆ, ಮನಸ್ಸಿನಲ್ಲೇ ವಾದ ಮಾಡುತ್ತ, ಎರಡೂ ಕೈ ಬೀಸುತ್ತ ಅರ್ಧ ಗಂಟೆ ನಡೆದರು. ಮೂರು ಮಹಡಿಯನ್ನು ದಡದಡನೆ ಹತ್ತಿದರು. ವಾಚು ಬಿಚ್ಚಿ ಮಖಮಲ್ಲಿನ ಮೇಲೆ ಕುಕ್ಕಿದರು.

"ನಿಂತುಹೋಗಿದೆ!"

ವ್ಯಾಪಾರಿ ಬಗ್ಗಿ ನೋಡಿದ. ಕಿವಿಗೆ ಹಿಡಿದು ಕೇಳಿದ.

"ಓಡ್ತಿದೆಯಲ್ಲ ಸರ್?"

ರಾಯರು ಬಗ್ಗಿ ನೋಡಿದರು. ಸೆಕೆಂಡಿನ ಮುಳ್ಳು ಏನೂ ಆಗದವರ ಹಾಗೆ ಓಡುತ್ತಿತ್ತು!

"ಸರ್, ತಮ್ಮ ಕೆಲಸ ಏನು?"

"ಕರಡು ತಿದ್ದೋದು."

"ತಿದ್ದೋವಾಗ ಎಡಗೈ ಏನು ಮಾಡುತ್ತೆ?"

"ಕಾಗದ ಒತ್ತಿ ಹಿಡಿಯುತ್ತೆ."

"ಮನೇಲಿ?"

ರಾಯರು ತುಸು ಯೋಚಿಸಿದರು. "ಪತ್ರಿಕೆ ಹಿಡಿಯುತ್ತೆ."

"ಅದೇ ನೋಡಿ. ಇದು ಆಟೊಮ್ಯಾಟಿಕ್ ವಾಚು. ಸೆಲ್ಲಿಲ್ಲ, ಈ ಮಾದರಿಗೆ ಕೀಲಿ ಕೊಡೋದೂ ಇಲ್ಲ. ಒಳಗೊಂದು ತೂಕ ಇದೆ, ಕೈ ಆಡಿದ ಹಾಗೆ ಅದು ತಿರುಗುತ್ತೆ, ಅದು ತಿರುಗಿದ್ರೆ ವಾಚು ಓಡುತ್ತೆ. ಶನಿವಾರಾನೇ ಹೇಳೋಣ ಅಂತಿದ್ದೆ, ತಾವು ಓದೋದ್ರಲ್ಲಿ ಮುಳುಗಿದ್ರಿ." ಆತ ಗಂಟಲು ಸರಿಮಾಡಿಕೊಂಡ. "ವಾಚಿಗೇನೂ ಆಗಿಲ್ಲ ಸರ್. ತಾವೇ ಸ್ವಲ್ಪ... ನಿಂತಿದ್ದೀರಿ."

ಮರುದಿನದಿಂದ ಎಡಗೈ ಬೀಸುವ ವ್ರತ ಶುರುವಾಯಿತು. ರಸ್ತೆಯಲ್ಲಿ ಬೀಸಿದರೆ ಬೇಡದ ಬಸ್ಸು ನಿಂತಿತು. ಮಹಡಿಯ ಮೇಲೆ ಬೀಸಿದರೆ ಎದುರುಮನೆಯ ಅಜ್ಜಿ ತಾನೂ ಕೈಬೀಸಿ, "ಚೆನ್ನಾಗಿದ್ದೀನಪ್ಪಾ!" ಎಂದರು. ಪ್ರೆಸ್ಸಿನ ಸಭೆಯಲ್ಲಿ ಬೀಸಿದರೆ, "ಗೋದಾಮು ಗುಡಿಸೋಕೆ ಒಬ್ಬರು ಮುಂದೆ ಬಂದರು, ಶಹಬ್ಬಾಸ್!" ಎಂದು ಮಾಲೀಕರು ಹೆಸರು ಬರೆದುಕೊಂಡರು. ಅಂದು ಸಂಜೆ ನಡುಮನೆಯಲ್ಲಿ ನಿಂತು ಲೋಲಕದಂತೆ ತೋಳು ತೂಗುತ್ತಿದ್ದಾಗ ಹೆಂಡತಿ ಬಚ್ಚಲಿಂದ ಹೊರಗೆ ಬಂದಳು.

"ಯಾರನ್ನ ಕರೀತಿದ್ದೀರಿ?"

ರಾಯರು ಎಲ್ಲವನ್ನೂ ಒಪ್ಪಿಸಿದರು. ಆಕೆ ವಾಚನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಬೆನ್ನ ಮೇಲಿನ ಅಕ್ಷರ ಓದಿದಳು.

"ಇದೇನಿದು, ನೂರು ಮೀಟರ್ ಅಂತ?"

"ಅಷ್ಟು ಆಳದ ನೀರಲ್ಲೂ ಏನೂ ಆಗಲ್ಲ!" ಎಂದರು ರಾಯರು, ಹೆಮ್ಮೆ ಮರುಕಳಿಸಿ.

"ಹೌದಾ? ನಮ್ಮ ಬಕೆಟ್ಟು ಒಂದೂವರೆ ಅಡಿ. ಧೈರ್ಯವಾಗಿ ಇಳೀರಿ."

ಮಗಳು ಸೋಪು ತಂದು ಕೈಗಿಟ್ಟಳು. ವಾಲಿಬಾಲ್ ಕಾಲುಚೀಲವನ್ನೂ ತಂದಳು. ಅವು ತಾವಾಗಿಯೇ ನಿಂತುಕೊಳ್ಳುವಷ್ಟು ಕೊಳೆಯಾಗಿದ್ದವು.

ಬಟ್ಟೆ ಒಗೆಯುವುದರಲ್ಲಿ ಏನಿದೆ ಮಹಾ ಎಂದು ರಾಯರು ಒಂದು ಹೊದಿಕೆಯನ್ನು ನೀರಿಗೆ ಹಾಕಿದರು. ಎತ್ತುವಾಗ ಅದು ಹೊದಿಕೆಯಾಗಿರಲಿಲ್ಲ, ಒದ್ದೆ ಎಮ್ಮೆಯಾಗಿತ್ತು! ಒಂದು ತುದಿ ಹಿಂಡಿದರೆ ಇನ್ನೊಂದು ತುದಿ ನೀರು ಕುಡಿಯಿತು. ಸೊಂಟ ಕೂಗಿತು, ಮಂಡಿ ಮರುದನಿ ಕೊಟ್ಟಿತು. ಆಮೇಲೆ ಹೆಂಡತಿಯ ಬಿಳಿ ಸಮವಸ್ತ್ರ. ತೋಳಿನ ಮೇಲೆ ಗಾಯದ ಔಷಧಿಯ ಕಂದು ಕಲೆ, ಕಾಲರಿನ ಮೇಲೆ ಬೆವರಿನ ಗೆರೆ. ಉಜ್ಜಿದರು, ಉಜ್ಜಿದರು. ಬೆರಳು ಉರಿಯತೊಡಗಿತು. ವಾಚು ಮಾತ್ರ ಹುಟ್ಟಿದಾಗಿನಿಂದ ಇಷ್ಟು ಚುರುಕಾಗಿ ಓಡಿರಲಿಲ್ಲ.

ಮೂರನೆಯ ದಿನ ಹೊದಿಕೆ ಹಿಂಡಲು ಆಕೆ ಇನ್ನೊಂದು ತುದಿ ಹಿಡಿದಳು. ಆಗ ರಾಯರ ಕಣ್ಣು ಆಕೆಯ ಬೆರಳುಗಳ ಮೇಲೆ ಬಿತ್ತು. ಗೆಣ್ಣುಗಳ ಬಳಿ ಚರ್ಮ ಒಡೆದು ಸಣ್ಣ ಸಣ್ಣ ಕೆಂಪು ಗೆರೆ ಎದ್ದಿದ್ದವು. ಆಸ್ಪತ್ರೆಯಲ್ಲಿ ದಿನಕ್ಕೆ ನಲವತ್ತು ಸಲ ಔಷಧಿಯ ನೀರಿನಲ್ಲಿ ಕೈ ತೊಳೆಯಬೇಕು, ಮನೆಗೆ ಬಂದರೆ ಇದು. ಒಂದು ಸೊನ್ನೆ ಬಿಟ್ಟುಹೋದರೂ ಹಿಡಿಯುವ ಕಣ್ಣು, ಪಕ್ಕದಲ್ಲೇ ಇದ್ದ ಎರಡು ಕೈಗಳನ್ನು ಎರಡು ತಿಂಗಳು ಓದಿರಲಿಲ್ಲ.

"ಇದು... ಎಷ್ಟು ದಿನದಿಂದ?"

"ಮಷೀನ್ ಕೆಟ್ಟಾಗಿನಿಂದ."

"ಹೇಳಬಾರದಿತ್ತಾ?"

"ಹೇಳಿದ್ನಲ್ಲ. ಎಷ್ಟು ಸಲ ಹೇಳಿದೆ. ಶನಿವಾರ ಲಕೋಟೇಲಿ ಹಾಕಿ ಹೇಳಿದೆ."

ರಾಯರು ಹೊದಿಕೆಯ ಆ ತುದಿಯನ್ನೂ ಆಕೆಯ ಕೈಯಿಂದ ಬಿಡಿಸಿಕೊಂಡರು. ಒಬ್ಬರೇ ಹಿಂಡಿದರು. ಅರ್ಧ ನೀರು ಅಂಗಿಯ ಮೇಲೇ ಬಿತ್ತು. ಅದು ಒಳ್ಳೆಯದೇ ಆಯಿತು, ಮುಖ ಒರೆಸಿಕೊಳ್ಳಲು ನೆಪ ಸಿಕ್ಕಿತು.

ಮುಂದಿನ ಶನಿವಾರ ಮತ್ತೆ ಮೂರು ಮಹಡಿ ಹತ್ತಿದರು. ವ್ಯಾಪಾರಿ ವಾಚನ್ನು ಬೆಳಕಿಗೆ ಹಿಡಿದು ಬೆರಗಾದ.

"ವಾಪಸ್ ಬರೋ ವಾಚುಗಳ ಸಂದೀಲೆಲ್ಲ ಕೊಳೆ ಕೂತಿರುತ್ತೆ ಸರ್. ಇದು ನಾನು ಕೊಟ್ಟಾಗ ಇದ್ದದ್ದಕ್ಕಿಂತ ಹೊಳೀತಿದೆ! ಏನು ಹಾಕಿ ತೊಳೆದ್ರಿ?"

"ಬಟ್ಟೆ ಸೋಪು," ಎಂದರು ರಾಯರು.

ವಾಚು ಹಿಂದಿರುಗಿಸಲು ಬಂದ ಕಾರಣವನ್ನೂ ಹೇಳಿದರು. ಆತ ನಗಲಿಲ್ಲ. ತೀರಾ ಸ್ವಲ್ಪ ಮಾತ್ರ ಮುರಿದುಕೊಂಡು ಹಣ ಹಿಂದಿರುಗಿಸಿದ. ಗ್ಯಾರಂಟಿಯಲ್ಲಿ ಬರೆದಿರದ ಮಾತು ಅದು, ಆತ ಕೊಡದೆಯೂ ಇರಬಹುದಿತ್ತು. ರಾಯರು ಅವನ ಎರಡೂ ಕೈ ಹಿಡಿದುಕೊಂಡರು. "ನೀವು ಮೋಸ ಮಾಡೋಕೆ ಎಷ್ಟು ಅವಕಾಶ ಕೊಟ್ಟೆ. ಒಂದನ್ನೂ ಬಳಸಿಕೊಳ್ಳಲಿಲ್ಲ. ತುಂಬಾ ಉಪಕಾರ."

"ಇನ್ನೊಂದು ಸಲ ಬನ್ನಿ ಸರ್," ಎಂದ ಆತ, "ಸೆಲ್ ಇರೋದು ಕೊಡ್ತೀನಿ."

ಆ ಮಧ್ಯಾಹ್ನವೇ ಹೊಸ ವಾಷಿಂಗ್ ಮಷೀನು ಮನೆಗೆ ಬಂತು. ಪೂರ್ತಿ ಬೆಲೆ ಕೊಟ್ಟು ತಂದದ್ದು. ಜೊತೆಗೆ ಒಡೆದ ಚರ್ಮಕ್ಕೆ ಹಚ್ಚುವ ಮುಲಾಮಿನ ಕೊಳವೆಯೊಂದು. ಹೆಂಡತಿ ಗಂಡನ ಬೋಳು ಮುಂಗೈ ನೋಡಿದಳು.

"ವಾಚು ಕೊಟ್ಟುಬಿಟ್ರಾ? ಪಾಪ, ಕೈಗೆ ಚೆನ್ನಾಗಿತ್ತು."

"ನನ್ನ ಕೈಗೆ ಚೆನ್ನಾಗಿತ್ತು," ಎಂದರು ರಾಯರು, ಕೊಳವೆಯ ಮುಚ್ಚಳ ತಿರುವುತ್ತ. "ನಿನ್ನ ಕೈ ಕೊಡು ಇಲ್ಲಿ."

ಆಕೆಯ ಹತ್ತೂ ಬೆರಳಿಗೆ ಒಂದೊಂದಾಗಿ ಮುಲಾಮು ಹಚ್ಚಿದರು. ಮಗಳು ಬಂದು ನೋಡಿ, ಕಾಲುಚೀಲವನ್ನು ತಾನೇ ಮಷೀನಿಗೆ ಹಾಕಿ, ಸದ್ದಿಲ್ಲದೆ ಹೊರಟುಹೋದಳು.

ಹೊಸ ಮಷೀನು ಎಲ್ಲವನ್ನೂ ಒಗೆಯಿತು, ಸಮವಸ್ತ್ರದ ಕಾಲರಿನ ಗೆರೆಯೊಂದನ್ನು ಬಿಟ್ಟು. ಅದನ್ನು ಮೊದಲು ಕೈಯಲ್ಲೇ ಉಜ್ಜಬೇಕಿತ್ತು. ಯಾರೂ ಹೇಳದೆಯೇ ರಾಯರು ಪ್ರತಿ ಸಂಜೆ ಬಚ್ಚಲಲ್ಲಿ ಕೂತು ಆ ಕೆಲಸ ಮಾಡತೊಡಗಿದರು. ಒಂದು ಸಂಜೆ ಹಾಗೆ ಉಜ್ಜುತ್ತಿದ್ದಾಗ, ನಡುಮನೆಯಲ್ಲಿ ಹೆಂಡತಿ ವಾರ್ಡಿನ ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಹೊಸದು ಚೆನ್ನಾಗೇ ಒಗೆಯುತ್ತೆ ಕಣೇ. ಆದ್ರೆ ಕಾಲರ್ ವಿಷಯದಲ್ಲಿ ಹಳೇದೇ ವಾಸಿ... ಹೂಂ, ಹಳೇದೂ ಇದೆ, ಇಟ್ಕೊಂಡಿದ್ದೀನಿ... ಇಲ್ಲ ಇಲ್ಲ, ಅದು ಕೆಟ್ಟಿರಲಿಲ್ಲ." ಆಕೆಯ ದನಿಯಲ್ಲಿ ನಗು ತುಂಬಿಕೊಂಡಿತ್ತು. "ಹದಿನಾರು ವರ್ಷದಿಂದ ಕುರ್ಚೀಲೇ ಕೂತಿತ್ತು ನೋಡು, ಚಾಲೂ ಮಾಡೋದು ಹೇಗೆ ಅಂತ ನನಗೇ ಗೊತ್ತಿರಲಿಲ್ಲ!"